ಪಕ್ಕದ ಸೀಟಿನ ಬ್ರೇಕು

ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕ್ ಮೇಡಂ. ಕಾರು ಓಡಿಸಲು ಕಲಿಸುವುದು ಅವಳ ಕಸುಬು. ಕಲಿಸುವ ಕಾರಿನಲ್ಲಿ ಒಂದು ಅನುಕೂಲವಿದೆ. ಸ್ಟೀರಿಂಗ್ ಹಿಡಿದವರ ಕಾಲ ಬಳಿ ಇರುವಂಥದ್ದೇ ಒಂದು ಕ್ಲಚ್ಚು, ಒಂದು ಬ್ರೇಕು ಪಕ್ಕದ ಸೀಟಿನ ಕೆಳಗೂ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವರು ಕಾಲು ಒತ್ತಿದರಾಯಿತು, ಗಾಡಿ ನಿಲ್ಲುತ್ತದೆ. ಅವಳ ಕಾಲು ಆ ಕೆಲಸದಲ್ಲಿ ಎಷ್ಟು ಪಳಗಿತ್ತೆಂದರೆ, ಬಾಯಿ ಇನ್ನೂ ‘ನಿಧಾನ, ನಿಧಾನ’ ಎನ್ನುತ್ತಿರುವಾಗಲೇ ಕಾಲು ತನ್ನ ಕೆಲಸ ಮುಗಿಸಿರುತ್ತಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿದ್ದಳು, ಟೀವಿಯಲ್ಲಿ ಕಾರು ಓಡುವುದನ್ನು ನೋಡುತ್ತ ಕೂತರೂ ಒತ್ತುತ್ತಿದ್ದಳು. ಸೋಫಾದ ಮುಂದೆ ಹಾಸಿದ್ದ ಕಾಲೊರಸು ಒಂದೇ ಕಡೆ ಸವೆದು ದಾರ ಬಿಟ್ಟಿತ್ತು.

ಕಲಿಯಲು ಬಂದವರಿಗೆ ಅವಳು ಹೇಳುತ್ತಿದ್ದ ಮೊದಲ ಮಾತು, ಒಂದು ಸ್ಟೀರಿಂಗಿಗೆ ಇಬ್ಬರ ಕೈ ಬೀಳಬಾರದು. ಬಿದ್ದರೆ ಗಾಡಿ ಯಾರ ಮಾತೂ ಕೇಳುವುದಿಲ್ಲ. ಗಂಡನನ್ನೋ ಅಮ್ಮನನ್ನೋ ಜೊತೆಗೆ ಕರೆತಂದವರಿದ್ದರೆ ಆ ಗಂಡನಿಗೂ ಅಮ್ಮನಿಗೂ ಇದೇ ಉಪದೇಶ ಇನ್ನೊಮ್ಮೆ. ಎರಡನೆಯ ಮಾತು, ಭಯ ಇಲ್ಲದವರಿಗೆ ನಾನು ಕೀ ಕೊಡುವುದಿಲ್ಲ. ಭಯ ಇದ್ದವನು ಕಲಿಯುತ್ತಾನೆ, ಭಯ ಇಲ್ಲದವನು ಕಂಬ ಹುಡುಕಿಕೊಂಡು ಹೋಗುತ್ತಾನೆ ಎನ್ನುತ್ತಿದ್ದಳು. ಇಷ್ಟು ಬಲ್ಲವಳು, ತನಗೊಬ್ಬ ವಕೀಲ ಬೇಕಾದಾಗ ಆ ಎರಡನೆಯ ಮಾತನ್ನೇ ಗಾಳಿಗೆ ತೂರಿದಳಲ್ಲ, ಅದಕ್ಕೇನನ್ನೋಣ?

ವಕೀಲ ಯಾಕೆ ಬೇಕಾಯಿತೆಂದರೆ, ಸಂಸಾರ ಮುರಿದಿತ್ತು. ಗಂಡ ಕನ್ನಡಕದ ಅಂಗಡಿ ಇಟ್ಟವನು. ಕುಡಿತವಿಲ್ಲ, ಜೂಜಿಲ್ಲ, ಕೈ ಎತ್ತಿದವನೂ ಅಲ್ಲ. ಮನೆಯಲ್ಲಿ ಮಾತು ಮಾತ್ರ ವರ್ಷದಿಂದ ವರ್ಷಕ್ಕೆ ಬತ್ತುತ್ತ ಬಂದು, ಕೊನೆಗೆ ‘ಗ್ಯಾಸ್ ಮುಗೀತು’, ‘ಬೀಗ ಎಲ್ಲಿ’ ಎನ್ನುವಷ್ಟಕ್ಕೆ ನಿಂತಿತ್ತು. ಒಂದು ದಿನ ಅವನು ಬಟ್ಟೆ ತುಂಬಿಕೊಂಡು ಅಂಗಡಿಯ ಮೇಲಿನ ಕೋಣೆಗೆ ಹೋಗಿಬಿಟ್ಟ. ಬೇರೆಯಾಗೋಣ ಎಂದ. ಯಾಕೆ ಎಂದು ಕೇಳಿದ್ದಕ್ಕೆ, ನಿನಗೇ ಗೊತ್ತಿರಬೇಕು ಎಂದನೇ ಹೊರತು ಬಾಯಿ ಬಿಡಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರಬೇಕು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ವಿಚ್ಛೇದನದ ಅರ್ಜಿ ನಾನೇ ಹಾಕುತ್ತೇನೆ ಎಂದಳು.

ಗಂಡ ಹೋದರೆ ಹೋಗಲಿ, ಅವಳಿಗೆ ಬೇಕಾಗಿದ್ದದ್ದು ಮಗಳು. ಹತ್ತು ತುಂಬಿದ ಹುಡುಗಿ, ಮನೆಯಲ್ಲಿ ಎಲ್ಲರಿಗೂ ಚಿನ್ನಿ, ಮೂಗಿನ ಮೇಲೆ ಅಪ್ಪನೇ ಆರಿಸಿಕೊಟ್ಟ ದುಂಡು ಕನ್ನಡಕ. ಗಲ್ಲದ ಕೆಳಗೆ ಒಂದು ಹಳೆಯ ಹೊಲಿಗೆಯ ಗುರುತು. ಚಿನ್ನಿ ತನ್ನ ಹತ್ತಿರ ಇರಬೇಕು. ಅಪ್ಪ ಬಂದು ನೋಡಿಕೊಂಡು ಹೋಗಲಿ, ರಜೆಯಲ್ಲಿ ಕರೆದುಕೊಂಡು ಹೋಗಲಿ, ಅದಕ್ಕೆ ಅಡ್ಡಿಯಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟೇ ಅವಳ ಬೇಡಿಕೆ.

ಆಗ ನೆನಪಾದವನು ಅವಳ ಹತ್ತಿರವೇ ಕಾರು ಕಲಿತ ವಕೀಲ. ಮೊದಲ ದಿನವೇ ಕನ್ನಡಿ ನೋಡದೆ ಮುಖ್ಯ ರಸ್ತೆಗೆ ನುಗ್ಗಿದ ಭೂಪ ಅವನು. ಕೇಳಿದರೆ, ಎದುರಿನವರೇ ದಾರಿ ಬಿಡುತ್ತಾರೆ ಮೇಡಂ ಎನ್ನುತ್ತಿದ್ದ. ನಿಜಕ್ಕೂ ಬಿಡುತ್ತಿದ್ದರು, ಪ್ರಾಣ ಯಾರಿಗೆ ಬೇಡ? ಅವನಿಗೆ ಕಲಿಸುವ ದಿನಗಳಲ್ಲಿ ಅವಳ ಕಾಲು ಊದಿಕೊಂಡಿತ್ತು. ಆದರೆ ಕೋರ್ಟಿಗೆ ಇಂಥವನೇ ಸರಿ ಎಂದು ಅವಳಿಗನ್ನಿಸಿತು. ಅಂಜುಬುರುಕ ವಕೀಲನನ್ನು ಕಟ್ಟಿಕೊಂಡು ಮಗಳನ್ನು ಕಳೆದುಕೊಳ್ಳಲೇ ಎಂದು ಅವನ ಕಚೇರಿಯ ಮೆಟ್ಟಿಲು ಹತ್ತಿದಳು. ಪಾಪ, ಈ ಗಾಡಿಯಲ್ಲಿ ತನ್ನ ಕಾಲ ಕೆಳಗೆ ಬ್ರೇಕಿಲ್ಲ ಎನ್ನುವುದು ಹೊಳೆಯಲೇ ಇಲ್ಲ.

ಕಚೇರಿ ಚಪ್ಪಲಿ ಅಂಗಡಿಯ ಮೇಲಿತ್ತು. ಹೊರಕೋಣೆಯಲ್ಲಿ ಒಂದು ಬೆಂಚು, ತಿರುಗುವಾಗ ಕಿರ್ ಎನ್ನುವ ಫ್ಯಾನು, ಕಾಗದಗಳಿಗೆ ಪಿನ್ನು ಹೊಡೆಯುತ್ತ ಕೂತ ಗುಮಾಸ್ತ. ಮೊದಮೊದಲು ವಕೀಲ ಬಾಗಿಲಿಗೇ ಬಂದು, ಬನ್ನಿ ಮೇಡಂ ಎಂದ. ಆಮೇಲೆ ಗುಮಾಸ್ತನೇ ಬನ್ನಿ ಎಂದ. ಅದಾದ ಮೇಲೆ ಬೆಂಚೇ ಬನ್ನಿ ಎನ್ನತೊಡಗಿತು. ಫೋನು ಮಾಡಿದರೆ, ಸಾಹೇಬರು ಇನ್ನೊಂದು ಕೋರ್ಟಿನಲ್ಲಿದ್ದಾರೆ. ಅವಳು ರಜೆ ಹಾಕಿ ಕೋರ್ಟಿಗೆ ಹೋದರೆ, ವಕೀಲರಿಲ್ಲ, ವಾಯಿದೆ ಮುಂದಕ್ಕೆ. ಎದುರು ಕೂತಾಗಲೂ ನಿಮ್ಮ ಮಗ ಯಾವ ಕ್ಲಾಸು ಎಂದು ಕೇಳುತ್ತಿದ್ದ. ಮಗ ಅಲ್ಲ ಮಗಳು ಎಂದು ತಿದ್ದಿದರೆ, ಅದೇ, ಮಗು ಎನ್ನುತ್ತಿದ್ದ. ಮುಂದಿನ ಸಲಕ್ಕೆ ಅದು ಮತ್ತೆ ಮಗನೇ. ಒಂದು ಮಧ್ಯಾಹ್ನ ಕೋರ್ಟಿನ ಕ್ಯಾಂಟೀನಿನಲ್ಲಿ ಅವನು ಗಂಡನ ಕಡೆಯ ಹಿರಿಯ ವಕೀಲೆಯ ಜೊತೆ ಚಹಾ ಕುಡಿಯುತ್ತ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಡಳು. ವಕೀಲರು ಒಳಗೆ ಕಚ್ಚಾಡಿ ಹೊರಗೆ ನಗುವುದು ಹೊಸದಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಉರಿಯುತ್ತಿರುವುದು ತನ್ನ ಮನೆಯಾದಾಗ ಆ ತಿಳಿವಳಿಕೆ ಯಾವ ಮೂಲೆಗೆ ಸಾಕು?

ಇದೆಲ್ಲವನ್ನೂ ಅವಳು ನುಂಗಿಕೊಂಡಿದ್ದಳು. ನುಂಗಲಾಗದ್ದು ಶುರುವಾದದ್ದು ಬೇರೆ ಕಡೆಯಿಂದ. ಒಂದು ದಿನ ವಕೀಲ ಪೆನ್ನು ತಿರುಗಿಸುತ್ತ ಗಂಡನ ತಪ್ಪುಗಳನ್ನು ಕೇಳಿದ. ಕುಡಿಯುತ್ತಾರಾ? ಇಲ್ಲ. ಹೊಡೆಯುತ್ತಾರಾ? ಇಲ್ಲ. ಬೇರೆ ಯಾರಾದರೂ ಇದ್ದಾರಾ? ಥೂ, ಇಲ್ಲ.

“ಮೇಡಂ, ಒಳ್ಳೆ ಅಪ್ಪ ಅಂತ ನೀವೇ ಹೇಳಿದ್ರೆ ನಾನು ಬಾಯಲ್ಲಿ ಕಡುಬು ಇಟ್ಕೊಂಡು ನಿಂತ್ಕೊಳ್ಲಾ? ಮಗೂನ ಅವ್ರೇ ಕೇಳಿಬಿಟ್ರೆ ಏನ್ಮಾಡ್ತೀರಿ? ಅವ್ರಿಂದ ಮಗೂಗೆ ಒಂದ್ಸಲಾನಾದ್ರೂ ಅಪಾಯ ಆಗಿದೆಯಾ, ನೆನಪು ಮಾಡ್ಕೊಳ್ಳಿ.”

ಮಗಳನ್ನು ಅವನೇ ಕೇಳಿಬಿಟ್ಟರೆ ಎನ್ನುವ ಮಾತಿಗೆ ಅವಳ ಎದೆ ಧಸಕ್ಕೆಂದಿತು. ಹಿಂದೊಮ್ಮೆ ಕಾರು ಗೋಡೆಗೆ ಬಡಿದು ಚಿನ್ನಿಯ ಗಲ್ಲಕ್ಕೆ ಹೊಲಿಗೆ ಬಿದ್ದದ್ದನ್ನು ಹೇಳಿದಳು. ಓಡಿಸುತ್ತಿದ್ದವರು ಯಾರು ಎಂದದ್ದಕ್ಕೆ, ಅವರೇ ಎಂದಳು. ತಕ್ಷಣವೇ, ಅದನ್ನು ಮಾತ್ರ ಕೋರ್ಟಿನಲ್ಲಿ ಎತ್ತಬೇಡಿ ಎಂದೂ ಹೇಳಿದಳು. ನೋಡೋಣ ಎಂದ ವಕೀಲ. ಪೆನ್ನು ತಿರುಗುವುದು ನಿಂತಿತ್ತು.

ಮುಂದಿನ ವಾಯಿದೆಗೆ ಅವನು ತಪ್ಪದೆ ಬಂದ, ಸಮಯಕ್ಕೆ ಮುಂಚೆಯೇ ಬಂದ. ಕೋರ್ಟಿನ ಕೋಣೆ ಕಿರಿದು. ಎತ್ತರದ ಮೇಜಿನ ಹಿಂದೆ ನ್ಯಾಯಾಧೀಶರು, ಕೆಳಗೆ ಒಂದು ಕಡೆ ಅವಳು, ಇನ್ನೊಂದು ಕಡೆ ಗಂಡ, ನಡುವೆ ಕೈಚಾಚಿದರೆ ಮುಟ್ಟುವಷ್ಟು ಜಾಗ. ಗಂಡನ ಕಡೆಯಿಂದ ಕೇಳಿದ್ದು ಇಷ್ಟೇ: ವಾರದ ಕೊನೆಗೆ ಮಗಳನ್ನು ತನ್ನ ಕಾರಿನಲ್ಲಿ ಕರೆದುಕೊಂಡು ಹೋಗಿ, ತಾನೇ ತಂದುಬಿಡುತ್ತೇನೆ. ಅವಳ ವಕೀಲ ಎದ್ದವನೇ ಹಿಂದೆ ಮುಂದೆ ನೋಡಲಿಲ್ಲ. ಈ ಮನುಷ್ಯನ ಕಾರಿನಲ್ಲಿ ಮಗುವನ್ನು ಕಳಿಸುವುದೆಂದರೆ ಸಾವಿನ ಬಾಯಿಗೆ ಕಳಿಸಿದ ಹಾಗೆ ಎಂದ. ಕಣ್ಣು ಕಾಣದ ತಂದೆ ಎಂದ. ಹೆತ್ತ ಮಗುವಿನ ರಕ್ತ ರಸ್ತೆಗೆ ಹರಿಸಿದವನು ಎಂದ. ಅವಳು ಹಿಂದಿನಿಂದ ಅವನ ಕರಿಕೋಟಿನ ತುದಿ ಹಿಡಿದು ಎಳೆದಳು. ನೊಣ ಓಡಿಸುವಂತೆ ಕೈ ಝಾಡಿಸಿ ಮುಂದುವರಿಸಿದ. ಅವಳ ಕಾಲು ಮೇಜಿನ ಕೆಳಗೆ ನೆಲವನ್ನು ಒತ್ತುತ್ತಲೇ ಇತ್ತು.

ನ್ಯಾಯಾಧೀಶರು ಗಂಡನತ್ತ ತಿರುಗಿ, ಅಪಘಾತವಾದದ್ದು ಹೌದೇ ಎಂದು ಕೇಳಿದರು. ಹೌದು ಎಂದ. ಓಡಿಸುತ್ತಿದ್ದವರು? ನಾನೇ ಎಂದ. ಹೇಗಾಯಿತು ಎಂದದ್ದಕ್ಕೆ ಅವನು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡ.

“ಒಂದು ಗಳಿಗೆ ಕಣ್ಣು ಮಂಕಾಯ್ತು, ಸ್ವಾಮಿ.”

ಹಾಗೆಂದು ಒಮ್ಮೆ ಅವಳತ್ತ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ತನ್ನ ಎರಡು ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಆದೇಶವಾಯಿತು. ಮುಂದಿನ ತೀರ್ಮಾನದವರೆಗೆ ತಂದೆ ಮಗಳನ್ನು ಕೋರ್ಟಿನ ಆವರಣದ ಕೋಣೆಯಲ್ಲಿ, ಸಿಬ್ಬಂದಿಯ ಎದುರಿಗೇ ಭೇಟಿಯಾಗಬೇಕು. ಮುಂದಿನ ವಾಯಿದೆಗೆ ಮಗುವನ್ನು ಕರೆತರಬೇಕು, ಅದರ ಹತ್ತಿರ ನಾನೇ ಮಾತಾಡುತ್ತೇನೆ ಎಂದರು ನ್ಯಾಯಾಧೀಶರು.

ಕೈ ಯಾಕೆ ಬಚ್ಚಿಟ್ಟುಕೊಂಡಳು ಎನ್ನುತ್ತೀರಾ? ಆ ಕೈಯೇ ಅಂದು ಸ್ಟೀರಿಂಗ್ ಎಳೆದದ್ದು. ರಜೆಯ ಮಧ್ಯಾಹ್ನ, ಮನೆಯ ಕಾರು, ಗಂಡ ಓಡಿಸುತ್ತಿದ್ದ, ಅವಳು ಪಕ್ಕದಲ್ಲಿ, ಚಿನ್ನಿ ಹಿಂದೆ. ಮುಂದೆ ಒಂದು ಗೇಟಿನಿಂದ ವ್ಯಾನೊಂದು ಹಿಂದಕ್ಕೆ ಬರುತ್ತಿತ್ತು. ಗಂಡ ಅದನ್ನು ನೋಡಿ ವೇಗ ಇಳಿಸುತ್ತಿದ್ದ. ಅಷ್ಟರಲ್ಲಿ ಅವಳ ಕಾಲು ತನ್ನ ಪಾಡಿಗೆ ತಾನು ಬ್ರೇಕು ಒತ್ತಿತು. ಮನೆಯ ಕಾರಿನ ಪಕ್ಕದ ಸೀಟಿನಲ್ಲಿ ಬ್ರೇಕೆಲ್ಲಿಂದ ಬರಬೇಕು? ಕಾಲು ಒತ್ತಿತು, ಗಾಡಿ ನಿಲ್ಲಲಿಲ್ಲ. ಬ್ರೇಕು ಹೋಯಿತು, ಸತ್ತೆವು ಎಂದೇ ಅವಳಿಗನ್ನಿಸಿತು. ಊರಿಗೆಲ್ಲ ಮುಟ್ಟಬೇಡಿ ಎಂದು ಸಾರುವವಳು ಎರಡೂ ಕೈಯಿಂದ ಸ್ಟೀರಿಂಗನ್ನು ತನ್ನ ಕಡೆ ಎಳೆದಳು. ಕಾರು ಪಾದಚಾರಿ ದಾರಿ ಹತ್ತಿ ಕಾಂಪೌಂಡಿಗೆ ಗುದ್ದಿತು.

ಆಸ್ಪತ್ರೆಯಲ್ಲಿ ಪೊಲೀಸಿನವನು ಬಂದು ಕೇಳಿದಾಗ ಅವಳು ಮಗಳನ್ನು ತಬ್ಬಿಕೊಂಡು ನಡುಗುತ್ತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಗಂಡ, ತಪ್ಪು ನನ್ನದೇ, ಒಂದು ಗಳಿಗೆ ಕಣ್ಣು ಮಂಕಾಯಿತು ಎಂದುಬಿಟ್ಟ. ಕಾರು ಕಲಿಸುವವಳೇ ಓಡುವ ಗಾಡಿಯ ಸ್ಟೀರಿಂಗ್ ಎಳೆದಳೆಂದು ತಿಳಿದರೆ ಯಾರು ತಮ್ಮ ಮಕ್ಕಳನ್ನು ಅವಳ ಪಕ್ಕ ಕೂರಿಸುತ್ತಾರೆ? ಅವಳಿಗೂ ಅದು ಅರ್ಥವಾಯಿತು, ಸುಮ್ಮನಾದಳು. ಆಮೇಲೆ ಊರೆಲ್ಲ ಒಂದೇ ತಮಾಷೆ: ಎಲ್ಲರಿಗೂ ಕಣ್ಣು ಕೊಡುವವನಿಗೆ ತನಗೇ ಕಣ್ಣು ಕಾಣುವುದಿಲ್ಲವಂತೆ! ಅಂಗಡಿಗೆ ಬಂದವರೂ ಅಂದರು, ನೆಂಟರೂ ಅಂದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಹೇಳಲು ನನಗೇ ಬಾಯಿ ಕಹಿಯಾಗುತ್ತದೆ, ಅವಳೂ ಅವರ ಜೊತೆ ನಗುತ್ತಿದ್ದಳು.

ಕೋರ್ಟಿನಿಂದ ಅವಳು ನೆಟ್ಟಗೆ ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿದಳು. ಗುಮಾಸ್ತ ಬೆಂಚು ತೋರಿಸಿದ್ದನ್ನು ಕಿವಿಗೆ ಹಾಕಿಕೊಳ್ಳದೆ ಒಳಕೋಣೆಯ ಬಾಗಿಲು ತಳ್ಳಿದಳು. ಎಷ್ಟೋ ತಿಂಗಳಿಂದ ಕಟ್ಟಿಟ್ಟದ್ದೆಲ್ಲ ಹೊರಬಂತು. ಫೋನಿಗೆ ಸಿಗುವುದಿಲ್ಲ, ಮಗಳೋ ಮಗನೋ ಗೊತ್ತಿಲ್ಲ, ನನ್ನ ಗಂಡನ ಕಡೆಯವರ ಜೊತೆ ಕೂತು ಹಲ್ಲು ಕಿರಿಯುತ್ತೀರಿ, ಎತ್ತಬೇಡಿ ಎಂದದ್ದನ್ನೇ ಎತ್ತಿ ಆಡುತ್ತೀರಿ, ನೀವು ಯಾರ ವಕೀಲರು ಎಂದು ಕೇಳಿದಳು. ಆ ಮಾತನ್ನು ನಾಳೆಯೇ ವಾಪಸು ತೆಗೆದುಕೊಳ್ಳಬೇಕು ಎಂದಳು. ವಕೀಲ ಎಲ್ಲವನ್ನೂ ಕೇಳಿಸಿಕೊಂಡ. ಅವನಿಗೂ ಮುಖ ಕೆಂಪಾಗಿತ್ತು.

“ಫೋನಿಂದು ನನ್ ತಪ್ಪು ಮೇಡಂ, ಒಪ್ಕೊಂಡೆ. ಆದ್ರೆ ಅಪಘಾತದ ಮಾತು? ಅದು ಸುಳ್ಳು ಅಂತ ಒಂದು ಮಾತು ಹೇಳಿ, ನಾಳೆನೇ ವಾಪಸ್ ತಗೋತೀನಿ. ಸುಳ್ಳಾ?”

ಹೊರಕೋಣೆಯ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು.

“ಸುಳ್ಳಲ್ಲ ತಾನೇ? ಹಾಗಾದ್ರೆ ನನ್ ಮೇಲೆ ಯಾಕೆ ಸಿಟ್ಟು? ನೀವು ಹೇಳಿದ್ದನ್ನೇ ನಾನು ಅಲ್ಲಿ ಹೇಳಿದ್ದು.”

ಅಡ್ಡಗೋಡೆಯ ಮೇಲೆ ದೀಪವಿಟ್ಟವಳು ತಾನು, ಬೆಳಕು ಯಾವ ಕಡೆ ಬಿತ್ತೆಂದು ಇನ್ನೊಬ್ಬನ ಮೇಲೆ ರೇಗಿದರೆ ನ್ಯಾಯವೇ? ವಕೀಲ ಸ್ವಲ್ಪ ಮೆತ್ತಗಾಗಿ, ಗೆಲ್ಲುವ ಕೇಸನ್ನು ಕೈಯಾರೆ ಕೆಡಿಸಿಕೊಳ್ಳಬೇಡಿ ಎಂದ. ನ್ಯಾಯಾಧೀಶರು ಮಗುವನ್ನು ಕರೆದಾಗ, ಅಪ್ಪನ ಕಾರಿನಲ್ಲಿ ಕೂರಲು ಭಯವಾಗುತ್ತದೆ ಎಂದು ಒಂದು ಮಾತು ಹೇಳಿದರೆ ಸಾಕು, ಅಷ್ಟನ್ನು ಮನೆಯಲ್ಲಿ ಹೇಳಿಕೊಡಿ ಎಂದ. ಅವಳು ಕೆಳಗಿಳಿದು ಬಂದಳು. ವಕೀಲನನ್ನು ಬದಲಾಯಿಸಬೇಕು ಎಂದುಕೊಂಡೇ ಮನೆ ಮುಟ್ಟಿದಳು. ಬದಲಾಯಿಸಿ ಹೊಸಬನಿಗೆ ಏನು ಹೇಳುವುದು ಎನ್ನುವುದು ಮಾತ್ರ ತೋಚಲಿಲ್ಲ.

ಆ ವಾರದ ಕೊನೆಗೆ ಚಿನ್ನಿ ಅಪ್ಪನನ್ನು ಕೋರ್ಟಿನ ಕೋಣೆಯಲ್ಲಿ ನೋಡಿ ಬಂದಳು. ಸಂಜೆ ಅಡುಗೆಮನೆಯಲ್ಲಿ ಅಮ್ಮ ತರಕಾರಿ ಹೆಚ್ಚುತ್ತಿದ್ದಾಗ, ಹುಡುಗಿ ಮೇಜಿನ ಮೇಲೆ ಗಲ್ಲವೂರಿ ಕೂತು ವರದಿ ಒಪ್ಪಿಸಿದಳು. ಅಲ್ಲಿ ಕುರ್ಚಿಗಳೆಲ್ಲ ಪುಟ್ಟ ಮಕ್ಕಳವಂತೆ, ಅಪ್ಪ ಕೂತರೆ ಮೊಣಕಾಲು ಎದೆಗೆ ಬರುತ್ತದಂತೆ. ಒಬ್ಬ ಆಂಟಿ ಪಕ್ಕದಲ್ಲೇ ಕೂತು ಇವರನ್ನೇ ನೋಡುತ್ತಿರುತ್ತಾರಂತೆ. ಚಿನ್ನಿಯ ಕನ್ನಡಕದ ಕಾಲು ಸಡಿಲವಾಗಿ ಮೂಗಿನಿಂದ ಜಾರುತ್ತಿತ್ತು. ಅಪ್ಪ ಸರಿಮಾಡಲು ಸ್ಕ್ರೂಡ್ರೈವರ್ ತಂದಿದ್ದರಂತೆ, ಚೂಪು ಸಾಮಾನು ಎಂದು ಬಾಗಿಲಲ್ಲೇ ಇಸಿದುಕೊಂಡರಂತೆ. ಅದಕ್ಕೇ ದಾರ ಸುತ್ತಿ ಕೊಟ್ಟಿದ್ದಾರೆ ನೋಡು ಎಂದು ತೋರಿಸಿದಳು. ಬೆರಳ ತುದಿಯಷ್ಟು ಜಾಗದಲ್ಲಿ ಬಿಳಿ ದಾರದ ಅಚ್ಚುಕಟ್ಟಾದ ಗಂಟು. ಅಮ್ಮ ತಲೆ ಎತ್ತದೆ ಹೆಚ್ಚುತ್ತಲೇ ಇದ್ದಳು.

“ಅಮ್ಮಾ, ಜಡ್ಜು ಕೇಳಿದ್ರೆ ಯಾವ್ದು ಹೇಳ್ಲಿ? ಅಪ್ಪ ಹೇಳಿದ್ದಾ, ನಾನು ನೋಡಿದ್ದಾ?”

ಚಾಕು ನಿಂತಿತು. “ಏನ್ ನೋಡ್ದೆ?”

“ನಿನ್ ಕೈ.”

ಹುಡುಗಿ ಅದನ್ನು ಯಾವ ಆರೋಪವೂ ಇಲ್ಲದೆ, ಮನೆಪಾಠದ ಉತ್ತರ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಆಸ್ಪತ್ರೆಯಲ್ಲೇ ಅಪ್ಪ ಕಿವಿಯಲ್ಲಿ ಹೇಳಿದ್ದರಂತೆ, ಅಮ್ಮನ ಕೆಲಸ ಹೋಗುತ್ತದೆ, ಯಾರಿಗೂ ಹೇಳಬೇಡ ಎಂದು. ಅಂದಿನಿಂದ ಅವಳು ಯಾರಿಗೂ ಹೇಳಿಲ್ಲ, ಶಾಲೆಯಲ್ಲಿ ಗೆಳತಿಯರು ನಿಮ್ಮಪ್ಪನಿಗೆ ಕಣ್ಣು ಕಾಣಲ್ವಂತೆ ಎಂದು ಆಡಿಕೊಂಡಾಗಲೂ ಹೇಳಿಲ್ಲ. ಆದರೆ ಜಡ್ಜಿನ ಮುಂದೆ ಸುಳ್ಳು ಹೇಳಿದರೆ ಜೈಲಿಗೆ ಹಾಕುತ್ತಾರಾ ಎಂದು ಕೇಳಿದಳು. ಅವಳು ಮಗಳನ್ನು ಬಾಚಿ ತಬ್ಬಿಕೊಂಡು, ನೀನು ಏನೂ ಹೇಳಬೇಕಾಗಿಲ್ಲ ಕಂದಾ ಎಂದಳು. ಹತ್ತರ ಹುಡುಗಿಯ ತಲೆಯ ಮೇಲೆ ಎಂಥ ಮೂಟೆ ಹೊರಿಸಿದೆನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ವಾಯಿದೆಯ ದಿನ ಬಂತು. ಕೋರ್ಟಿನ ಜಗಲಿಯಲ್ಲಿ ವಕೀಲ ಬಹಳ ಹುರುಪಿನಲ್ಲಿದ್ದ. ಇವತ್ತು ಮಗು ಒಳಗೆ ಹೋಗಿ ಬಂದರೆ ಕೇಸು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಎಂದ. ಹೇಳಿಕೊಟ್ಟಿದ್ದೀರಿ ತಾನೇ ಎಂದು ಕೇಳಿದ. ಎದುರಿನ ಬೆಂಚಿನಲ್ಲಿ ಗಂಡ ಕೂತಿದ್ದ, ಸಣ್ಣಗಾಗಿದ್ದ. ಒಳಗೆ ಹಿಂದಿನ ಸಾಲಿನಲ್ಲಿ, ತಮ್ಮ ತಮ್ಮ ಕೇಸಿಗೆ ಕಾಯುತ್ತಿದ್ದವರ ನಡುವೆ, ಕಳೆದ ವರ್ಷ ಅವಳ ಹತ್ತಿರ ಕಾರು ಕಲಿತ ಹೆಂಗಸೊಬ್ಬಳು ಗುರುತು ಹಿಡಿದು ನಕ್ಕಳು. ಇವತ್ತೇ ಇವಳೂ ಇಲ್ಲಿರಬೇಕೇ ಎಂದುಕೊಂಡಳು ಬ್ರೇಕ್ ಮೇಡಂ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಡ್ರೈವಿಂಗ್ ಸ್ಕೂಲಿನ ಯಜಮಾನರ ಮೇಜು ತಲುಪುತ್ತದೆ.

ಕೇಸು ಕೂಗಿದರು. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆತರಲು ಹೇಳಿದರು. ಚಿನ್ನಿ ಎದ್ದಳು. ದಾರ ಕಟ್ಟಿದ ಕನ್ನಡಕವನ್ನು ಒಂದು ಬೆರಳಿನಿಂದ ಮೇಲೆ ತಳ್ಳಿ ಮೊದಲು ಅಪ್ಪನ ಮುಖ ನೋಡಿದಳು, ಆಮೇಲೆ ಅಮ್ಮನದು. ಅಮ್ಮ ದಡಕ್ಕನೆ ಎದ್ದು ನಿಂತಳು.

“ಸ್ವಾಮಿ, ಮಗೂನ ಕರೀಬೇಡಿ. ಅವಳು ಹೇಳ್ಬೇಕಾಗಿರೋದನ್ನ ನಾನು ಹೇಳ್ತೀನಿ.”

ವಕೀಲ ತೋಳು ಹಿಡಿದು ಕೂತುಕೊಳ್ಳಿ ಎಂದು ಹಲ್ಲು ಕಚ್ಚಿ ಹೇಳಿದ. ಅವಳು ಕೂರಲಿಲ್ಲ. ಏನಿದ್ದರೂ ನಿಮ್ಮ ವಕೀಲರ ಮೂಲಕ ಹೇಳಬೇಕು ಎಂದರು ನ್ಯಾಯಾಧೀಶರು.

“ಅವ್ರಿಗೆ ಗೊತ್ತಿಲ್ಲ, ಸ್ವಾಮಿ. ಅವ್ರಿಗೂ ನಾನು ನಿಜ ಹೇಳಿರ್ಲಿಲ್ಲ.”

ಎಲ್ಲವನ್ನೂ ಹೇಳಿದಳು. ವ್ಯಾನು ಹಿಂದಕ್ಕೆ ಬಂದದ್ದು, ಗಂಡ ವೇಗ ಇಳಿಸಿದ್ದು, ಇಲ್ಲದ ಬ್ರೇಕನ್ನು ತಾನು ಒತ್ತಿದ್ದು, ಸ್ಟೀರಿಂಗ್ ಎಳೆದದ್ದು. ತನ್ನ ಕೆಲಸ ಉಳಿಯಲೆಂದು ಅವರು ತಪ್ಪು ಹೊತ್ತದ್ದು, ತಾನು ಹೊರಲು ಬಿಟ್ಟದ್ದು. ಸುತ್ತಿ ಬಳಸದೆ, ಒಂದರ ಹಿಂದೆ ಒಂದು. ಮೇಜು ಹಿಡಿದುಕೊಂಡಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಅಯ್ಯೋ ಎಂದದ್ದು ಕೇಳಿಸಿತು. ಗಂಡ ತಲೆ ತಗ್ಗಿಸಿಕೊಂಡೇ ಇದ್ದ.

ನ್ಯಾಯಾಧೀಶರು ಮರುಗಲೂ ಇಲ್ಲ, ಹೊಗಳಲೂ ಇಲ್ಲ. ನಿಜ ಮುಚ್ಚಿಟ್ಟು ಈ ಕೋರ್ಟಿನಿಂದ ಆದೇಶ ಪಡೆದಿದ್ದೀರಿ, ಅದು ಸಣ್ಣ ತಪ್ಪಲ್ಲ ಎಂದರು. ಮಗು ಯಾರ ಬಳಿ ಇರಬೇಕೆನ್ನುವುದನ್ನು ಮೊದಲಿನಿಂದ ನೋಡಬೇಕಾಗುತ್ತದೆ, ಹಳೆಯ ಆದೇಶ ಇಂದಿಗೆ ರದ್ದು, ಶಾಲೆಯ ರಜೆ ಮುಗಿಯುವವರೆಗೆ ಮಗಳು ತಂದೆಯ ಜೊತೆ ಇರಲಿ ಎಂದರು. ರಜೆ ಶುರುವಾಗಲು ಇನ್ನೂ ಎರಡು ದಿನ.

ಜಗಲಿಗೆ ಬಂದ ಮೇಲೆ ವಕೀಲ ಕಾಗದಗಳನ್ನು ಕಂಕುಳಲ್ಲಿ ಇರುಕಿಕೊಂಡು, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದಿರಿ, ಇನ್ನು ಬೇರೆ ಯಾರನ್ನಾದರೂ ನೋಡಿಕೊಳ್ಳಿ ಮೇಡಂ ಎಂದ. ದನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು. ಅವನಿಗೆಂದು ಇನ್ನೂ ಎಷ್ಟೋ ಬೈಗುಳ ಅವಳು ಜೋಪಾನ ಮಾಡಿಟ್ಟಿದ್ದಳು. ಒಂದೂ ನಾಲಿಗೆಗೆ ಬರಲಿಲ್ಲ. ತಪ್ಪಾಯಿತು ಎಂದು ಹೇಳಿ, ಗಂಡ ನಿಂತಿದ್ದ ಕಡೆ ಹೋದಳು.

ಗಂಡ ಕಿಟಕಿಯ ಬೆಳಕಿಗೆ ಕನ್ನಡಕ ಹಿಡಿದು, ದಾರ ಬಿಚ್ಚಿ, ಜೇಬಿನ ಪುಟ್ಟ ಸ್ಕ್ರೂಡ್ರೈವರಿನಿಂದ ತಿರುಪು ಬಿಗಿ ಮಾಡುತ್ತಿದ್ದ. ಇವತ್ತು ಮಗಳ ಭೇಟಿ ಕೋಣೆಯೊಳಗಲ್ಲ, ಯಾರೂ ಇಸಿದುಕೊಂಡಿರಲಿಲ್ಲ. ಚಿನ್ನಿ ಬರಿಗಣ್ಣಿನಲ್ಲಿ ಪಿಳಿಪಿಳಿ ನೋಡುತ್ತ ಪಕ್ಕದಲ್ಲಿದ್ದಳು. ಅವನು ಕನ್ನಡಕವನ್ನು ಅವಳಿಗೆ ತೊಡಿಸಿ, ನೀರು ಕುಡಿದು ಬಾ ಎಂದು ಕಳಿಸಿದ. ಒಂದು ಒಳ್ಳೆಯ ಮಾತನ್ನಾದರೂ ಆಡುತ್ತಾನೆ ಎಂದು ಅವಳು ಕಾದಳು.

“ಇವತ್ತು ಹೇಳ್ದೆ. ಒಳ್ಳೇದಾಯ್ತು,” ಎಂದ. ಅವಳು ಎಂದೂ ಕೇಳದಿದ್ದ ದನಿಯಲ್ಲಿ ಮುಂದುವರಿಸಿದ. “ಹೊತ್ಕೊಂಡಿದ್ದು ನಾನೇ, ಅದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ಆಮೇಲೆ ನ‍ನ್ ಕೈಯಿಂದ ಕೀ ಕಿತ್ಕೊಂಡೆ ನೀನು. ಇವ್ರಿಗೆ ಕಣ್ಣು ಕಾಣಲ್ಲ, ಗಾಡಿ ನಾನೇ ಓಡಿಸ್ತೀನಿ ಅಂತ ನಮ್ಮಣ್ಣನ ಮುಂದೆ ಹೇಳ್ದೆ. ಅಂಗಡಿಗೆ ಬಂದೋರ ಮುಂದೆ ಹೇಳ್ದೆ. ಯಾರೂ ಇಲ್ದೇ ಇದ್ದಾಗ್ಲೂ ಹೇಳ್ದೆ. ತಪ್ಪು ನಂದೇ ಅಂತ ನೀನು ನಿಜವಾಗ್ಲೂ ನಂಬಿಬಿಟ್ಟಿದ್ದೆ. ಅವತ್ತೇ ನಂಗೆ ಆ ಮನೇಲಿ ಉಸಿರು ಕಟ್ಟಿದ್ದು.”

ನಿನಗೇ ಗೊತ್ತಿರಬೇಕು ಎಂದಿದ್ದನಲ್ಲ, ಇದೇ ಅದು. ಅವಳು ಸುಳ್ಳೆನ್ನಲು ಬಾಯಿ ತೆರೆದಳು. ಅಣ್ಣನ ಮನೆಯ ಬಾಗಿಲಲ್ಲಿ ನಗುತ್ತ ಅವನ ಕೈಯಿಂದ ಕೀ ಎಳೆದುಕೊಂಡದ್ದು ಕಣ್ಣಿಗೆ ಕಟ್ಟಿತು. ಅವಳು ನಗುತ್ತಿದ್ದದ್ದು ತಮಾಷೆಗಲ್ಲ, ನಂಬಿಕೆಯಿಂದ.

ಚಿನ್ನಿ ಬಂದು ಅಪ್ಪನ ಬೆರಳು ಹಿಡಿದಳು. ಇನ್ನೆರಡು ದಿನ ಯಾಕೆ, ಇವತ್ತೇ ಅಪ್ಪನ ಜೊತೆ ಹೋಗಲಾ, ಬಟ್ಟೆ ನಾಳೆ ತಂದುಕೊಡ್ತೀಯಾ ಎಂದು ಕೇಳಿದಳು. ಬೇಡ ಎನ್ನಲು ಅವಳಿಗೆ ನೂರು ಕಾರಣ ಸಿಗುತ್ತಿತ್ತು. ಹೋಗಿ ಬಾ ಎಂದಳು.

ಅಂಗಳದಲ್ಲಿ ಅವನ ಕಾರು ನಿಂತಿತ್ತು. ಮಗಳು ಹಿಂದಿನ ಸೀಟಿನಲ್ಲಿ ಕೂತು ತಾನೇ ಬೆಲ್ಟು ಹಾಕಿಕೊಂಡಳು. ಕಾರು ಹೊರಡುವಾಗಲೆಲ್ಲ ಅಮ್ಮನ ಬಾಯಿಗೆ ಬರುವ ‘ನಿಧಾನ, ನಿಧಾನ’ ಎನ್ನುವ ಮಾತೊಂದಿತ್ತಲ್ಲ, ಅದು ತುಟಿಯವರೆಗೆ ಬಂತು. ಅವನೂ ಕಿಟಕಿಯ ಗಾಜು ಇಳಿಸಿ, ಕೇಳಿಸಿಕೊಳ್ಳಲು ಸಿದ್ಧನಾದವನ ಹಾಗೆ ಕಾದ. ಅವಳು ಹೇಳಲಿಲ್ಲ. ಮಗಳಿಗೆ ಕೈ ಬೀಸಿದಳು.

ಕಾರು ಗೇಟಿನ ಕಡೆ ಉರುಳಿತು. ಎಡಗಡೆಯಿಂದ ಒಂದು ಲಾರಿ ಬರುತ್ತಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ಅವಳ ಕಾಲು ಕಲ್ಲನ್ನು ಬಲವಾಗಿ ಒತ್ತಿತು. ಅವನು ಆಗಲೇ ನಿಲ್ಲಿಸಿದ್ದ. ಲಾರಿ ದಾಟಿತು. ಅವನು ಕನ್ನಡಿ ನೋಡಿದ, ಎರಡೂ ಕಡೆ ನೋಡಿದ, ಮೆಲ್ಲಗೆ ರಸ್ತೆಗೆ ಇಳಿದ. ಅವನು ಯಾವಾಗಲೂ ಚೆನ್ನಾಗಿಯೇ ಓಡಿಸುತ್ತಿದ್ದ.